ಸರಾಸರಿ ಚೆನ್ನಾಗಿದ್ರೆ ಸಾಕಾ? ಆರೋಗ್ಯದ ಲೆಕ್ಕದ ಬಗ್ಗೆ ಓದುಗರ ಪ್ರಶ್ನೆಗಳು

ರೋಗ ಹೇಗೆ ಹರಡುತ್ತೆ, ಲಸಿಕೆ ಯಾರಿಗೆ ಮೊದಲು, ಆಂಬುಲೆನ್ಸ್ ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನೆಲ್ಲ ಗಣಿತದ ಮಾಡೆಲ್ ಇಟ್ಕೊಂಡು ಲೆಕ್ಕ ಹಾಕ್ತಾರೆ ಅಂತ ಹೋದ ತಿಂಗಳು ಈ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದನ್ನೇ ಕೇಳ್ತಿದ್ವು, ಈ ಲೆಕ್ಕದಿಂದ ಬಡವರಿಗೆ, ದೂರದ ಹಳ್ಳಿಯವರಿಗೆ ಏನಾದ್ರೂ ನ್ಯಾಯ ಸಿಗುತ್ತಾ ಅಂತ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಎರಡನೇ ವರ್ಷ, ಮ್ಯಾಥ್ಸ್ ತಗೊಂಡಿದೀನಿ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸೋದು ಕಲಿಸ್ತಾರೆ, ಆದ್ರೆ ಇದರಿಂದ ಯಾರದ್ದಾದ್ರೂ ಜೀವ ಉಳಿಯುತ್ತೆ ಅಂತ ಕ್ಲಾಸಲ್ಲಿ ಯಾರೂ ಹೇಳಿಲ್ಲ. ಮಾಡೆಲ್ ಅಂದ್ರೆ ನಿಜವಾಗಿ ಏನ್ ಮಾಡ್ತಾರೆ?
— ವಿದ್ಯಾರ್ಥಿನಿ, ದಾವಣಗೆರೆ

ನಡೀತಿರೋ ಒಂದು ವಿಷಯದಲ್ಲಿ ನಮಗೆ ಮುಖ್ಯ ಅನ್ಸಿದ್ದನ್ನ ಮಾತ್ರ ಇಟ್ಕೊಂಡು, ಮಿಕ್ಕಿದ್ದನ್ನ ಬಿಟ್ಟು, ಸಮೀಕರಣದಲ್ಲಿ ಬರೆಯೋದು, ಅದೇ ಮಾಡೆಲ್. ಇದಕ್ಕೂ ನಮ್ಮ ದೇಶಕ್ಕೂ ಹಳೇ ನಂಟಿದೆ ಕಣಮ್ಮ. 1897ರಲ್ಲಿ ಸಿಕಂದರಾಬಾದಲ್ಲಿ ಸೊಳ್ಳೆ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿ ಕಂಡುಹಿಡಿದ ರೊನಾಲ್ಡ್ ರಾಸ್, ಆಮೇಲೆ ಗಣಿತ ಹಿಡ್ಕೊಂಡು ಕೂತು, ಊರಿನ ಒಂದೊಂದು ಸೊಳ್ಳೇನೂ ಸಾಯಿಸ್ಬೇಕಾಗಿಲ್ಲ, ಸೊಳ್ಳೆ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದ್ರೆ ಮಲೇರಿಯಾ ತಾನಾಗೇ ಕ್ಷೀಣಿಸುತ್ತೆ ಅಂತ ತೋರಿಸಿದ್ರು. ರಾಸ್ ಜತೆ ಒಡನಾಟ ಇದ್ದ ಮೆಕೆಂಡ್ರಿಕ್ ಅನ್ನೋ ಡಾಕ್ಟ್ರು ಕಸೌಲಿಯಲ್ಲಿ ಕೆಲಸ ಮಾಡಿದವರು, ಅವರು ಮತ್ತು ಕರ್ಮ್ಯಾಕ್ ಸೇರಿ 1927ರಲ್ಲಿ ಬರೆದ ಪ್ರಬಂಧದಿಂದಲೇ ಇವತ್ತಿನ ಎಸ್‌ಐಆರ್ ಮಾಡೆಲ್ ಬಂದಿರೋದು. ಸೋಂಕು ತಗುಲಬಹುದಾದವರು, ಸೋಂಕಿತರು, ಅದರಿಂದ ಹೊರಗೆ ಬಂದವರು ಅಂತ ಮೂರು ಗುಂಪು, ಒಂದರಿಂದ ಇನ್ನೊಂದಕ್ಕೆ ಜನ ಎಷ್ಟು ವೇಗವಾಗಿ ಹೋಗ್ತಾರೆ ಅನ್ನೋದಕ್ಕೆ ನೀವು ಓದ್ತಿರೋ ಅದೇ ಡಿಫರೆನ್ಷಿಯಲ್ ಈಕ್ವೇಷನ್. ಆ ಪ್ರಬಂಧದಲ್ಲಿ ಅವರು ಹೋಲಿಸಿ ನೋಡಿದ್ದು 1905-06ರ ಬಾಂಬೆ ಪ್ಲೇಗ್ ಸಾವಿನ ಅಂಕಿಗಳನ್ನ.

ಆದ್ರೆ ಇಲ್ಲೊಂದು ವಿಷಯ ನಿಮ್ಮ ಗಮನಕ್ಕೆ ಬರ್ಬೇಕು. ಸರಳವಾದ ಎಸ್‌ಐಆರ್‌ನಲ್ಲಿ ಊರಿನ ಎಲ್ಲರೂ ಎಲ್ಲರ ಜತೆ ಒಂದೇ ಥರ ಬೆರೀತಾರೆ ಅಂತ ಅಂದ್ಕೊಂಡಿರ್ತಾರೆ. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಗಳಲ್ಲಿ ಸುಮಾರು ಶೇ. 54 ಜನಕ್ಕೆ ಆಗ್ಲೇ ಕೋವಿಡ್ ಬಂದುಹೋಗಿತ್ತು, ಅದೇ ವಾರ್ಡಿನ ಬೇರೆ ಮನೆಗಳಲ್ಲಿ ಸುಮಾರು ಶೇ. 16. ಒಂದೇ ಊರು, ಒಂದೇ ವೈರಸ್, ಆದ್ರೆ ಹತ್ತು ಮನೆಗೆ ಒಂದು ಶೌಚಾಲಯ ಇರೋ ಕಡೆ ಅಂತರ ಕಾಯೋದು ಯಾರ ಕೈಲಿ ಆಗುತ್ತೆ? ಇಡೀ ಊರನ್ನ ಒಂದೇ ಗುಂಪು ಅಂತ ಲೆಕ್ಕ ಹಾಕಿದ್ರೆ ಈ ವ್ಯತ್ಯಾಸ ಪೂರ್ತಿ ಮುಚ್ಚಿಹೋಗುತ್ತೆ. ನ್ಯಾಯದ ಪ್ರಶ್ನೆ ಶುರುವಾಗೋದೇ ಇಲ್ಲಿ, ಜನರನ್ನ ಎಷ್ಟು ಗುಂಪು ಮಾಡಿ ನೋಡ್ತೀವಿ ಅನ್ನೋದ್ರಲ್ಲಿ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾನು ಆಶಾ ಕಾರ್ಯಕರ್ತೆ ಅದೀನ್ರಿ. ನಮ್ಮ ಕಡೆ ಲಸಿಕಿ 93 ಪರ್ಸೆಂಟ್ ಆಗೇತಿ, ಭಾಳ ಚಲೋ ಅಂತ ಮೀಟಿಂಗನ್ಯಾಗ ಹೇಳ್ತಾರ್ರಿ. ಆದ್ರ ನಮ್ಮ ತಾಂಡಾದಾಗ ದಡಾರ ಮತ್ತ ಮತ್ತ ಬರ್ತೈತಿ. ದುಡಿಯಾಕ ಹೋದವ್ರು ಹೊಳ್ಳಿ ಬಂದಾಗ ನೋಡಿದ್ರ ಹುಡುಗ್ರಿಗೆ ಲಸಿಕಿ ಹಾಕ್ಸಿರಂಗಿಲ್ಲ. ಅವ್ರ ಲೆಕ್ಕ ತಪ್ಪೈತೋ ನಮ್ಮ ಕೆಲಸ ತಪ್ಪೈತೋ ಹೇಳ್ರಿ.
— ಆಶಾ ಕಾರ್ಯಕರ್ತೆ, ವಿಜಯಪುರ ಜಿಲ್ಲೆ

ನಿಮ್ಮ ಕೆಲಸ ತಪ್ಪಿಲ್ಲ ತಾಯಿ. ಅವರ ಕೂಡಿಸೋ-ಭಾಗಿಸೋ ಲೆಕ್ಕಾನೂ ತಪ್ಪಿರ್ಲಿಕ್ಕಿಲ್ಲ, ಆದ್ರೆ ಅವರು ಲೆಕ್ಕ ಹಾಕಿದ್ದು ಸರಾಸರಿ, ದಡಾರಕ್ಕೆ ಸರಾಸರಿ ಗೊತ್ತಿಲ್ಲ. ಇದನ್ನ ನಿಧಾನವಾಗಿ ಬಿಡಿಸಿ ಹೇಳ್ತೀನಿ, ಮುಂದಿನ ಮೀಟಿಂಗಲ್ಲಿ ನಿಮಗೆ ಉಪಯೋಗಕ್ಕೆ ಬರಬಹುದು.

ದಡಾರ ಇರೋದ್ರಲ್ಲೇ ಅತಿ ವೇಗವಾಗಿ ಹರಡೋ ರೋಗಗಳಲ್ಲಿ ಒಂದು. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಂದು ಮಗುವಿಂದ 12ರಿಂದ 18 ಮಂದಿಗೆ ಹತ್ತುತ್ತೆ ಅಂತಾರೆ, ಇದಕ್ಕೆ ಮಾಡೆಲ್ ಮಾಡೋರು ಆರ್ ನಾಟ್ ಅಂತ ಕರೀತಾರೆ. ನಾವು 15 ಅಂತ ಇಟ್ಕೊಳ್ಳೋಣ. ಈಗ ಉದಾಹರಣೆಗೆ ಒಂದು ಕಡೆ ಒಟ್ಟು 1,000 ಮಕ್ಕಳು ಅಂತ ಅಂದ್ಕೊಳ್ಳಿ. ಅದ್ರಲ್ಲಿ 900 ಮಕ್ಕಳು ಊರೊಳಗಿನವರು, ಅವರಲ್ಲಿ ಶೇ. 97 ಲಸಿಕೆ ಆಗಿದೆ, ಅಂದ್ರೆ ಬಿಟ್ಟುಹೋದೋರು 27. ಇನ್ನು 100 ಮಕ್ಕಳು ತಾಂಡಾದವರು, ಅಲ್ಲಿ ಶೇ. 60 ಮಾತ್ರ, ಬಿಟ್ಟುಹೋದೋರು 40. ಒಟ್ಟು 67 ಮಕ್ಕಳು ಬಾಕಿ, ಅಂದ್ರೆ ಲಸಿಕೆ ಶೇ. 93ಕ್ಕಿಂತ ಸ್ವಲ್ಪ ಮೇಲೆ. ನಿಮ್ಮ ಮೀಟಿಂಗಲ್ಲಿ ಹೇಳೋ ಅದೇ ನಂಬರ್.

ಈಗ ರೋಗದ ಲೆಕ್ಕ ನೋಡಿ. 1,000 ಮಕ್ಕಳೂ ಒಟ್ಟಿಗೆ ಬೆರೀತಾರೆ ಅಂದ್ಕೊಂಡ್ರೆ ಒಂದು ಮಗು ಹತ್ತಿಸೋದು 15 ಗುಣಿಸು 0.067 (ಲಸಿಕೆ ಆಗದ ಮಕ್ಕಳ ಪಾಲು), ಸರಿಸುಮಾರು 1. ಒಂದಕ್ಕಿಂತ ಕೆಳಗೆ ಹೋದ್ರೆ ರೋಗ ನಿಲ್ಲುತ್ತೆ, ಹಾಗಾಗಿ ಆಫೀಸಲ್ಲಿ ಕೂತೋರಿಗೆ ಇನ್ನೇನು ದಡಾರ ಮುಗಿದೇ ಹೋಯ್ತು ಅನ್ಸುತ್ತೆ. ಆದ್ರೆ ಮಕ್ಕಳು ಆಡೋದು ಅವರವರ ಓಣಿಯಲ್ಲಿ ತಾನೆ? ಊರೊಳಗಿನ ಮಕ್ಕಳನ್ನ ಬೇರೆ ನೋಡಿದ್ರೆ 15 ಗುಣಿಸು 0.03, ಅರ್ಧಕ್ಕಿಂತ ಕಡಿಮೆ, ಅಲ್ಲಿ ಬಂದ ರೋಗ ಅಲ್ಲೇ ಸಾಯುತ್ತೆ. ತಾಂಡಾದಲ್ಲಿ 15 ಗುಣಿಸು 0.4, ಅಂದ್ರೆ 6. ಒಂದು ಮಗು ಆರು ಮಕ್ಕಳಿಗೆ ಕೊಡುತ್ತೆ. ಒಂದೇ ವರದಿ, ಒಂದೇ ಶೇ. 93, ಅದರೊಳಗೆ ಒಂದು ಕಡೆ ರೋಗ ನಿಂತಿದೆ, ಇನ್ನೊಂದು ಕಡೆ ಉರೀತಿದೆ. ಇದು ತುಂಬಾ ಸರಳ ಮಾಡಿದ ಲೆಕ್ಕ, ಲಸಿಕೆ ಹಾಕ್ಸಿಕೊಂಡೋರಿಗೆಲ್ಲ ಪೂರ್ತಿ ರಕ್ಷಣೆ ಅಂತ ಇಟ್ಕೊಂಡಿದೀನಿ. ನಿಜದಲ್ಲಿ ಒಂಬತ್ತು ತಿಂಗಳಿಗೆ ಹಾಕೋ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಮೊದಲ ಡೋಸಿಂದ ಎಲ್ಲ ಮಕ್ಕಳಿಗೂ ರಕ್ಷಣೆ ಬರಲ್ಲ, ಅದಕ್ಕೇ ಒಂದೂವರೆ ವರ್ಷದ ಹೊತ್ತಿಗೆ ಎರಡನೇದು ಹಾಕೋದು. ಹಾಗಾಗಿ ತಾಂಡಾದ ಪರಿಸ್ಥಿತಿ ನನ್ನ ಲೆಕ್ಕಕ್ಕಿಂತ ಕಷ್ಟವೇ ಇರುತ್ತೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ನಿಮ್ಮ ಕೈಲಿ ಇನ್ನು 27 ಮಕ್ಕಳಿಗೆ ಹಾಕೋಷ್ಟು ಟೈಮು, ಲಸಿಕೆ ಇದೆ ಅಂದ್ಕೊಳ್ಳಿ. ಊರೊಳಗಿನ 27 ಮಕ್ಕಳನ್ನ ಹುಡುಕೋದು ಸುಲಭ, ಅವರಿಗೆ ಹಾಕಿದ್ರೂ ಒಟ್ಟು ಪರ್ಸೆಂಟ್ 96ಕ್ಕೆ ಏರುತ್ತೆ. ತಾಂಡಾದ 27 ಮಕ್ಕಳಿಗೆ ಹಾಕಿದ್ರೂ ಅದೇ 96. ಕಾಗದದ ಮೇಲೆ ಎರಡೂ ಒಂದೇ, ಎರಡಕ್ಕೂ ಒಂದೇ ಶಭಾಷ್‌ಗಿರಿ. ಆದ್ರೆ ಮೊದಲನೇದ್ರಲ್ಲಿ ತಾಂಡಾದ ಆರು ಆರಾಗೇ ಉಳಿಯುತ್ತೆ, ಎರಡನೇದ್ರಲ್ಲಿ ಅದು ಎರಡಕ್ಕೆ ಇಳಿಯುತ್ತೆ. ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ ಹೋದವರು ಯಾವ ತಿಂಗಳು ಹೊಳ್ಳಿ ಬರ್ತಾರೆ ಅಂತ ಯಾವ ಕಂಪ್ಯೂಟರಿಗೂ ಗೊತ್ತಿಲ್ಲ, ನಿಮಗೆ ಗೊತ್ತು. ಒಳ್ಳೇ ಮಾಡೆಲ್ ಮಾಡೋರು ಮೊದಲು ಕೇಳ್ಬೇಕಾದ್ದು ನಿಮ್ಮನ್ನ. ತಾಂಡಾ, ಇಟ್ಟಿಗೆ ಭಟ್ಟಿ, ಕೂಲಿಯವರ ಶೆಡ್ಡು ಇವುಗಳ ಲಸಿಕೆ ಅಂಕಿ ಊರಿನ ಜತೆ ಕೂಡಿಸದೆ ಬೇರೆ ಸಾಲಲ್ಲಿ ಬರೀರಿ ಅಂತ ಮೀಟಿಂಗಲ್ಲಿ ಕೇಳಿ. ನಿಮ್ಮ ಹಕ್ಕು ಅದು.

ಪ್ರಶ್ನೆ: ಇರೋ ದುಡ್ಡೇ ಕಡಿಮೆ, ಅದನ್ನ ಒಂದು ಸಣ್ಣ ಗುಂಪಿಗೆ ಹೆಚ್ಚು ಖರ್ಚು ಮಾಡಿದ್ರೆ ಮಿಕ್ಕಿದ ಸಾಮಾನ್ಯ ಜನಕ್ಕೆ ಅನ್ಯಾಯ ಅಲ್ವಾ? ಎಲ್ಲರಿಗೂ ಸಮ ಹಂಚೋದೇ ನ್ಯಾಯ ಅಂತ ನನ್ನ ಅಭಿಪ್ರಾಯ.
— ಉಪನ್ಯಾಸಕರು, ಬೆಳಗಾವಿ

ಸರ್, ಇದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಉದಾಹರಣೆ ಇದೆ. 2003ರಲ್ಲಿ ಗೇಟ್ಸ್ ಫೌಂಡೇಷನ್ ದುಡ್ಡಲ್ಲಿ ಆವಾಹನ್ ಅನ್ನೋ ಎಚ್‌ಐವಿ ತಡೆ ಕಾರ್ಯಕ್ರಮ ಶುರುವಾಯ್ತು, ಆರು ರಾಜ್ಯದಲ್ಲಿ, ಕರ್ನಾಟಕಾನೂ ಒಂದು. ದುಡ್ಡನ್ನ ಎಲ್ಲರಿಗೂ ಹಂಚದೆ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು, ಪುರುಷರ ಜತೆ ಸಂಬಂಧ ಇರೋ ಪುರುಷರು, ಟ್ರಾನ್ಸ್‌ಜೆಂಡರ್ ಸಮುದಾಯ, ಇಂಥವರ ಹತ್ರ ಕೆಲಸ ಮಾಡಿದ್ರು. ಕಾಂಡೋಮ್, ಗುಪ್ತರೋಗಕ್ಕೆ ಚಿಕಿತ್ಸೆ ಅಷ್ಟೇ ಅಲ್ಲ, ಪೊಲೀಸರ ಹೊಡೆತ ಬಡಿತ ತಡೆಯೋದು ಕೂಡ ಅದರ ಭಾಗ. ಮೈಸೂರಲ್ಲಿ ಆಶೋದಯ ಸಮಿತಿ ಅಂತ ಆ ಹೆಣ್ಣುಮಕ್ಕಳೇ ಕಟ್ಟಿಕೊಂಡ ಸಂಘ ಬೆಳೆದದ್ದು ಈ ಕಾಲದಲ್ಲೇ.

ಇದರ ಹಿಂದಿನ ಗಣಿತ ಹೀಗಿದೆ. ಎಚ್‌ಐವಿ ಎಲ್ಲರಲ್ಲೂ ಒಂದೇ ಥರ ಹರಡಲ್ಲ, ಸಂಪರ್ಕ ಹೆಚ್ಚಿರೋ ಸಣ್ಣ ಗುಂಪಲ್ಲಿ ಅದು ಹರಡ್ತಾ ಇದ್ರೆ ಅಲ್ಲಿಂದ ಗಂಡಸರ ಮೂಲಕ ಅವರ ಹೆಂಡತಿಯರಿಗೆ, ಮಕ್ಕಳಿಗೆ ಬರುತ್ತೆ. ಆ ಗುಂಪಿನವರಿಗೆ ರಕ್ಷಣೆ ಸಿಕ್ರೆ ಎಲ್ಲ ಕಡೆ ಇಳಿಯುತ್ತೆ. 2013ರಲ್ಲಿ ಬಂದ ಮಾಡೆಲಿಂಗ್ ಅಧ್ಯಯನದ ಅಂದಾಜು ಪ್ರಕಾರ ಈ ಕಾರ್ಯಕ್ರಮ ಇದ್ದ ಜಿಲ್ಲೆಗಳಲ್ಲಿ ಮೊದಲ ನಾಲ್ಕು ವರ್ಷದಲ್ಲಿ ಆಗ್ಬಹುದಿದ್ದ ಹೊಸ ಸೋಂಕಿನಲ್ಲಿ ಶೇ. 42, ಹತ್ತು ವರ್ಷಕ್ಕೆ ಶೇ. 57 ತಪ್ಪಿತು. ನೀವು ಸಾಮಾನ್ಯ ಜನ ಅಂದ್ರಲ್ಲ, ಅದ್ರಲ್ಲಿ ಲಾಭ ಪಡೆದೋರು ಅವರೂ ಹೌದು. ಆದ್ರೂ ಸರ್, ಒಂದು ಮಾತು ಹೇಳ್ಲೇಬೇಕು, ನಮಗೆ ಲಾಭ ಆಗುತ್ತೆ ಅಂತ ಮಾತ್ರ ಆ ಹೆಣ್ಣುಮಕ್ಕಳಿಗೆ ಆರೋಗ್ಯ ಸೇವೆ ಕೊಡ್ಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಬೇರೆ ಯಾರಿಗೂ ಒಂದು ಪೈಸೆ ಲಾಭ ಇಲ್ದೇ ಇದ್ರೂ ಅವರಿಗೆ ಅದು ಸಿಗ್ಬೇಕಿತ್ತು.

ಪ್ರಶ್ನೆ: ನಮ್ಮ ತಾಲೂಕಲ್ಲಿ ಕಾಡು ಜಾಸ್ತಿ, ಒಂದೊಂದು ಮಜಿರೆಯಲ್ಲಿ ಹತ್ತಿಪ್ಪತ್ತು ಮನೆ. ಆಂಬುಲೆನ್ಸ್ ಯಾವಾಗ್ಲೂ ಪೇಟೆಯಲ್ಲೇ ನಿಂತಿರುತ್ತೆ. ಕೇಳಿದ್ರೆ ಜನಸಂಖ್ಯೆ ಪ್ರಕಾರ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಇಟ್ಟಿದೀವಿ ಅಂತಾರೆ. ಲೆಕ್ಕದಲ್ಲಿ ನಾವು ಬರೋದೇ ಇಲ್ವಾ?
— ಗ್ರಾಮ ಪಂಚಾಯ್ತಿ ಸದಸ್ಯರು, ಜೋಯಿಡಾ

ಬರ್ತೀರಿ, ಆದ್ರೆ ಯಾವ ಪ್ರಶ್ನೆ ಕೇಳಿ ಲೆಕ್ಕ ಹಾಕಿದ್ರು ಅನ್ನೋದ್ರ ಮೇಲೆ ನೀವು ಕಾಣಿಸ್ಕೊಳ್ಳೋದು ನಿಂತಿದೆ. ಪೇಟೆಯಲ್ಲಿ 9,000 ಜನ, ಅಲ್ಲಿಂದ 30 ಕಿಲೋಮೀಟರ್ ದೂರದ ಮಜಿರೆಗಳಲ್ಲಿ 300 ಜನ ಅಂತ ಇಟ್ಕೊಳ್ಳಿ, ಇರೋದು ಒಂದೇ ಗಾಡಿ. ಎಲ್ಲರ ಸರಾಸರಿ ದೂರ ಕಡಿಮೆ ಮಾಡು ಅಂತ ಕಂಪ್ಯೂಟರಿಗೆ ಹೇಳಿದ್ರೆ ಅದು ಕಣ್ಮುಚ್ಚಿ ಪೇಟೆಯಲ್ಲಿ ಇಡುತ್ತೆ, ಸರಾಸರಿ ದೂರ ಒಂದು ಕಿಲೋಮೀಟರಿಗಿಂತ ಕಡಿಮೆ ಬರುತ್ತೆ, ವರದಿಯಲ್ಲಿ ತುಂಬಾ ಚೆನ್ನಾಗಿ ಕಾಣುತ್ತೆ. ಅತಿ ದೂರದವರ ದೂರ ಕಡಿಮೆ ಮಾಡು ಅಂತ ಹೇಳಿದ್ರೆ ನಡುದಾರಿ 15ನೇ ಕಿಲೋಮೀಟರಲ್ಲಿ ಇಡುತ್ತೆ, ಆಗ 9,000 ಜನಕ್ಕೂ 15 ಕಿಲೋಮೀಟರ್, ಅದೂ ಸರಿ ಅನ್ಸಲ್ಲ. ಈ ಎರಡೂ ಥರದ ಲೆಕ್ಕ 1960ರ ದಶಕದಿಂದ ಇವೆ. 1974ರಲ್ಲಿ ಚರ್ಚ್ ಮತ್ತು ರೆವೆಲ್ ಅನ್ನೋರು ಮೂರನೇ ದಾರಿ ತೋರಿಸಿದ್ರು, ಇಷ್ಟು ದೂರದೊಳಗೆ ಸೇವೆ ಸಿಗೋ ಜನ ಎಷ್ಟು ಹೆಚ್ಚಾಗ್ಬೇಕೋ ಅಷ್ಟು ಹೆಚ್ಚು ಮಾಡು ಅಂತ. ಆದ್ರೆ ಅದ್ರಲ್ಲೂ ಗಾಡಿ ಕಡಿಮೆ ಇದ್ದಾಗ ಬಿಟ್ಟುಹೋಗೋರು ಕಡಿಮೆ ಜನ ಇರೋ ಕಡೆಯವರೇ.

ಹಾಗಾಗಿ ನ್ಯಾಯ ಬೇಕು ಅಂದ್ರೆ ಒಂದು ಷರತ್ತು ಸೇರಿಸ್ಬೇಕಾಗುತ್ತೆ, ಸರಾಸರಿ ಕಡಿಮೆ ಮಾಡು, ಆದ್ರೆ ಯಾರಿಗೂ ಇಷ್ಟು ನಿಮಿಷಕ್ಕಿಂತ ಹೆಚ್ಚಾಗಕೂಡದು ಅಂತ. ಆಗ ಕಂಪ್ಯೂಟರ್ ಪ್ರಾಮಾಣಿಕವಾಗಿ ಹೇಳುತ್ತೆ, ಒಂದು ಗಾಡಿಯಲ್ಲಿ ಆಗಲ್ಲ, ಎರಡು ಬೇಕು ಅಂತ. ಆ ಉತ್ತರ ಹೊರಗೆ ಬರೋದು ತುಂಬಾ ಮುಖ್ಯ, ಯಾಕಂದ್ರೆ ಆಮೇಲೆ ಅದು ದುಡ್ಡಿನ ಚರ್ಚೆ ಆಗುತ್ತೆ, ಲೆಕ್ಕದ ಹಿಂದೆ ಯಾರೂ ಅವಿತುಕೊಳ್ಳೋಕಾಗಲ್ಲ. ಇಂಥ ವಿನಾಯ್ತಿ ಹೊಸದೂ ಅಲ್ಲ: ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000ಕ್ಕೇ ಒಂದು, ಪಿಎಚ್‌ಸಿಗೆ 30,000 ಮತ್ತು 20,000 ಅಂತ ಸರ್ಕಾರದ ನಿಯಮದಲ್ಲೇ ಇದೆ. ಆದ್ರೆ ನಿಮ್ಮ ಕಡೆ 3,000 ಜನ ಎಷ್ಟು ಅಗಲಕ್ಕೆ ಹರಡಿಕೊಂಡಿದಾರೆ ಅನ್ನೋದನ್ನ ಆ ನಿಯಮ ಕೇಳಲ್ಲ. ಇನ್ನೊಂದು, ಮ್ಯಾಪಲ್ಲಿ ಗೆರೆ ಎಳೆದು ಅಳೆದ ದೂರ ಮತ್ತು ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಸುತ್ತಿ ಬರೋ ದೂರ ಎರಡೂ ಬೇರೆ ಬೇರೆ. ನಿಮ್ಮ ಪಂಚಾಯ್ತಿಯಿಂದ ಮಜಿರೆವಾರು ಮಳೆಗಾಲದ ಪ್ರಯಾಣದ ಸಮಯ, ಬೇಸಿಗೆಯ ಸಮಯ ಬರೆದು ಒಂದು ಪಟ್ಟಿ ಕೊಡಿ. ಅದಿಲ್ದೇ ಯಾವ ಮಾಡೆಲ್ಲೂ ನಿಮ್ಮ ಪರವಾಗಿ ಮಾತಾಡಲ್ಲ.

ಪ್ರಶ್ನೆ: ಅಲ್ಗಾರಿದಮ್‌ಗೆ ಜಾತಿ, ಬಣ್ಣ ಗೊತ್ತಾಗದ ಹಾಗೆ ಮಾಡಿದ್ರೆ ತಾರತಮ್ಯ ತಾನಾಗೇ ಹೋಗುತ್ತಲ್ವಾ? ಮನುಷ್ಯರಿಗಿಂತ ಮೆಷಿನ್ ವಾಸಿ ಅನ್ಸುತ್ತೆ ನನಗೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹೋಗಲ್ಲ. 2019ರಲ್ಲಿ ಅಮೆರಿಕದ ಝಿಯಾದ್ ಒಬರ್ಮೇಯರ್ ಮತ್ತು ಜತೆಗಾರರು ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದನ್ನ ನಿಮ್ಮಂಥ ಕೆಲಸ ಮಾಡೋರು ಓದ್ಲೇಬೇಕು. ಅಲ್ಲಿನ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಅಂಕ ಕೊಡೋಕೆ ಒಂದು ಸಾಫ್ಟ್‌ವೇರ್ ಬಳಸ್ತಿದ್ರು. ಅದಕ್ಕೆ ರೋಗಿಯ ಬಣ್ಣ ಹೇಳಿರ್ಲಿಲ್ಲ. ಆದ್ರೂ ಒಂದೇ ಅಂಕ ಬಂದ ಬಿಳಿಯರಿಗಿಂತ ಕರಿಯ ರೋಗಿಗಳು ನಿಜದಲ್ಲಿ ಹೆಚ್ಚು ಕಾಯಿಲೆಯವರಾಗಿದ್ರು. ಕಾರಣ ಏನಂದ್ರೆ, ಆ ಸಾಫ್ಟ್‌ವೇರ್ ಊಹಿಸ್ತಿದ್ದದ್ದು ಕಾಯಿಲೆಯನ್ನಲ್ಲ, ಮುಂದೆ ಆಗೋ ಖರ್ಚನ್ನ. ಆಸ್ಪತ್ರೆಗೆ ಹೋಗೋಕೇ ಅಡ್ಡಿಗಳಿರೋ ಜನರ ಮೇಲೆ ಖರ್ಚು ಕಡಿಮೆ ಆಗಿರುತ್ತೆ, ಖರ್ಚು ಕಡಿಮೆ ಅಂದ್ರೆ ಆರೋಗ್ಯವಾಗಿದಾರೆ ಅಂತ ಮೆಷಿನ್ ತಿಳ್ಕೊಂಡಿತ್ತು. ಇದನ್ನ ಸರಿಪಡಿಸಿದ್ರೆ ಹೆಚ್ಚಿನ ಆರೈಕೆ ಸಿಗೋ ಗುಂಪಿನಲ್ಲಿ ಕರಿಯರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತೆ ಅಂತ ಅವರು ಲೆಕ್ಕ ಕೊಟ್ರು.

ಉಲ್ಟಾ ಉದಾಹರಣೇನೂ ಇದೆ. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಹೇಳೋ ಅಮೆರಿಕದ ಸೂತ್ರದಲ್ಲಿ ರೋಗಿ ಕರಿಯರಾದ್ರೆ ಉತ್ತರವನ್ನ ಹೆಚ್ಚಿಸ್ತಿದ್ರು, 2009ರ ಸೂತ್ರದಲ್ಲಿ ಸುಮಾರು ಶೇ. 16ರಷ್ಟು. ಇದರಿಂದ ಅವರ ಕಿಡ್ನಿ ಇರೋದಕ್ಕಿಂತ ಚೆನ್ನಾಗಿದೆ ಅಂತ ಕಾಣಿಸಿ ಕಸಿಗಾಗಿ ಕಾಯೋ ಪಟ್ಟಿಗೆ ಸೇರೋದು ತಡ ಆಗ್ತಿತ್ತು. 2021ರಲ್ಲಿ ಅದನ್ನ ತೆಗೆದ್ರು, 2023ರಿಂದ ಹಾಗೆ ಕಳೆದುಹೋದ ಕಾಯೋ ಕಾಲವನ್ನ ವಾಪಸ್ ಲೆಕ್ಕಕ್ಕೆ ಸೇರಿಸೋ ನಿಯಮ ಬಂತು. ಒಂದು ಕಡೆ ಬಣ್ಣ ಹೇಳದೆ ಅನ್ಯಾಯ, ಇನ್ನೊಂದು ಕಡೆ ಹೇಳಿ ಅನ್ಯಾಯ. ನಾಳೆ ನಮ್ಮಲ್ಲೂ ಯಾರಾದ್ರೂ ವಿಮೆ ಕ್ಲೈಮ್ ಅಂಕಿ ಇಟ್ಕೊಂಡು ಯಾವ ತಾಲೂಕಿಗೆ ಆಸ್ಪತ್ರೆ ಬೇಕು ಅಂತ ಮಾಡೆಲ್ ಮಾಡಿದ್ರೆ, ಆಸ್ಪತ್ರೆಯೇ ಇಲ್ಲದ ತಾಲೂಕಿಂದ ಕ್ಲೈಮ್ ಎಲ್ಲಿಂದ ಬರುತ್ತೆ? ಆ ಪ್ರಾಜೆಕ್ಟ್ ನಿಮ್ಮ ಟೀಮಿಗೇ ಬರಬಹುದು, ಆಗ ದಯವಿಟ್ಟು ಈ ಪ್ರಶ್ನೆ ಎತ್ತಿ.

ಪ್ರಶ್ನೆ: ನನಗೆ 74. ಈ ಮಾಡೆಲ್‌ಗಳಲ್ಲಿ ವಯಸ್ಸಾದವರ ಜೀವಕ್ಕೆ ಬೆಲೆ ಕಡಿಮೆ ಇಡ್ತಾರಂತೆ, ನಿಜವೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರು

ಒಂದು ಕಾಲದಲ್ಲಿ ಹಾಗೆ ಇದ್ದದ್ದು ನಿಜ ಸರ್. 1990ರ ದಶಕದಲ್ಲಿ ಜಗತ್ತಿನ ರೋಗಗಳ ಹೊರೆ ಅಳೆಯೋಕೆ ಡಾಲಿ ಅನ್ನೋ ಅಳತೆ, ಅಂದ್ರೆ ಕಾಯಿಲೆ ಮತ್ತು ಸಾವಿನಿಂದ ಆರೋಗ್ಯದ ಎಷ್ಟು ವರ್ಷ ಕಳೆದುಹೋಯ್ತು ಅನ್ನೋ ಲೆಕ್ಕ, ತಂದಾಗ, ಯೌವನದ ಒಂದು ವರ್ಷಕ್ಕೆ ಹೆಚ್ಚು ತೂಕ, ಶಿಶುವಿನ ಮತ್ತು ಮುದುಕರ ವರ್ಷಕ್ಕೆ ಕಡಿಮೆ ತೂಕ ಕೊಟ್ಟಿದ್ರು. ತುಂಬಾ ಜನ ವಿರೋಧಿಸಿದ್ರು, 2010ರ ಅಧ್ಯಯನದ ಹೊತ್ತಿಗೆ ಅದನ್ನ ಕೈಬಿಟ್ರು. ಕೋವಿಡ್ ಲಸಿಕೆ ಬಂದಾಗ ಮಾಡೆಲ್‌ಗಳು ನಿಮ್ಮ ಪರವೇ ಇದ್ವು. 20ರಿಂದ 49 ವಯಸ್ಸಿನವರಿಗೆ ಮೊದಲು ಕೊಟ್ರೆ ಸೋಂಕು ಹೆಚ್ಚು ತಗ್ಗುತ್ತೆ, ಆದ್ರೆ 60 ದಾಟಿದವರಿಗೆ ಕೊಟ್ರೆ ಹೆಚ್ಚಿನ ಸಂದರ್ಭಗಳಲ್ಲಿ ಸಾವು ಹೆಚ್ಚು ತಗ್ಗುತ್ತೆ ಅಂತ 2021ರ ಜನವರಿಯಲ್ಲಿ ಬಂದ ಒಂದು ಅಧ್ಯಯನ ಹೇಳ್ತು. ನಮ್ಮಲ್ಲೂ ಆರೋಗ್ಯ ಕಾರ್ಯಕರ್ತರು, ಮುಂಚೂಣಿಯವರು ಆದ್ಮೇಲೆ ಮಾರ್ಚ್ 1ರಿಂದ 60 ದಾಟಿದವರಿಗೆ, 45 ದಾಟಿ ಬೇರೆ ಕಾಯಿಲೆ ಇದ್ದವರಿಗೆ ಶುರುವಾಯ್ತು. ಎಡವಿದ್ದು ಮೇ ತಿಂಗಳಲ್ಲಿ, 18ರಿಂದ 44ರವರಿಗೆ ಶುರುವಿನಲ್ಲಿ ಕೋವಿನ್‌ನಲ್ಲಿ ಆನ್‌ಲೈನ್ ಬುಕಿಂಗ್ ಕಡ್ಡಾಯ ಅಂತ ಮಾಡಿದಾಗ. ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡ್ಬೇಕು ಅಂತ ಸುಪ್ರೀಂ ಕೋರ್ಟೇ ಕೇಳ್ತು.

ಪ್ರಶ್ನೆ: ಕರ್ನಾಟಕದಲ್ಲಿ ಸರ್ಕಾರ ಇಂಥ ಲೆಕ್ಕ ಯಾವತ್ತಾದ್ರೂ ಮಾಡಿದೆಯಾ?
— ಓದುಗರು, ಕಲಬುರಗಿ

ನಿಮ್ಮ ಊರಿನ ಪತ್ರಿಕೆಗಳಲ್ಲಿ ದಿನಾ ಬರೋ ಹೆಸರೇ, ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡೋಕೆ ಸರ್ಕಾರ ಮಾಡಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ವರದಿಯಲ್ಲಿ ಆರೋಗ್ಯ, ಶಿಕ್ಷಣ, ಕೃಷಿ, ರಸ್ತೆ ಹೀಗೆ 35 ಸೂಚಕಗಳನ್ನ ಸೇರಿಸಿ ಆಗಿನ 175 ತಾಲೂಕಿಗೂ ಒಂದೊಂದು ಅಂಕ ಕೊಟ್ರು, ರಾಜ್ಯದ ಸರಾಸರಿ 1 ಅಂತ ಇಟ್ಕೊಂಡು. 114 ತಾಲೂಕು ಹಿಂದುಳಿದಿವೆ, ಅದ್ರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಿಮ್ಮ ವಿಭಾಗದ್ದೇ ಅಂತ ಬಂತು. ಅಲ್ಲೀವರೆಗೆ ಬರೀ ಅಸಮಾಧಾನ ಆಗಿದ್ದದ್ದಕ್ಕೆ ಈ ಲೆಕ್ಕ ಒಂದು ಆಧಾರ ಕೊಡ್ತು, ನಿಮ್ಮ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಬೇಕು ಅಂತ ನಡೆದ 371ಜೆ ಹೋರಾಟದಲ್ಲೂ ಇದನ್ನ ಎತ್ತಿ ಹೇಳಿದ್ರು. ನನಗಿರೋ ತಕರಾರು ಒಂದೇ, ರಸ್ತೆ ಚೆನ್ನಾಗಿದ್ದು ಹೆರಿಗೆ ವ್ಯವಸ್ಥೆ ಕೆಟ್ಟಿರೋ ತಾಲೂಕಲ್ಲಿ ರಸ್ತೆಯ ಅಂಕ ಹೆರಿಗೆಯ ಕೊರತೆಯನ್ನ ಮುಚ್ಚಿಬಿಡುತ್ತೆ. ಆರೋಗ್ಯದ ಅಂಕ ಬೇರೆಯಾಗಿ, ಹೋಬಳಿ ಮಟ್ಟಕ್ಕೆ ಇಳಿದು ಬರ್ಬೇಕು.

ಪ್ರಶ್ನೆ: ಮೇಡಂ, ನಾನೂ ನಮ್ಮೂರಿಗೆ ಇಂಥದ್ದೊಂದು ಲೆಕ್ಕ ಮಾಡ್ಬೇಕು ಅಂತಿದೀನಿ, ಯಾವ ಸಾಫ್ಟ್‌ವೇರ್ ಬೇಕು?
— ಎಂಎಸ್‌ಡಬ್ಲ್ಯೂ ವಿದ್ಯಾರ್ಥಿ, ಚಾಮರಾಜನಗರ

ಮ್ಯಾಪಿಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಆರ್ ಅಥವಾ ಪೈಥಾನ್, ಮೂರೂ ಫ್ರೀ. ಆದ್ರೆ ಮೇಲೆ ತಾಂಡಾದ ಉದಾಹರಣೆ ಕೊಟ್ನಲ್ಲ, ಅಷ್ಟಕ್ಕೆ ಎಕ್ಸೆಲ್ ಸಾಕು. ಮೊದಲು ನಿಮ್ಮ ಉಪಕೇಂದ್ರದ ಎಎನ್‌ಎಂ ಸಿಸ್ಟರ್ ಹತ್ರ ಕೂತು ಯಾವ ಪೋಡು (ಸೋಲಿಗರ ಹಾಡಿ), ಯಾವ ಕಾಲೋನಿ ಪಟ್ಟಿಯಲ್ಲಿ ಇಲ್ಲ ಅಂತ ಕೇಳಿ ಬರ್ಕೊಳ್ಳಿ. ಮಕ್ಕಳ ಹೆಸರು, ಫೋನ್ ನಂಬರ್ ಏನೂ ಬರ್ಕೊಳ್ಳೋದು ಬೇಡ, ಪೋಡುವಾರು ಎಷ್ಟು ಮಕ್ಕಳು, ಎಷ್ಟು ಜನಕ್ಕೆ ಎರಡೂ ಡೋಸ್ ಆಗಿದೆ, ಇಷ್ಟೇ ಸಾಕು. ಪಟ್ಟಿ ರೆಡಿ ಆದ್ಮೇಲೆ ಅಂಕಣದ ವಿಳಾಸಕ್ಕೆ ಬರೀರಿ, ಮುಂದಿನ ಲೆಕ್ಕ ಒಟ್ಟಿಗೆ ಕೂತು ಮಾಡೋಣ.